ಏನೂ ಬಾರದ ಕಾರ್ಡೇ ಬೇಕು

ಮದರ್‌ಬೋರ್ಡಿನ ಸಾಟಾ ಪೋರ್ಟುಗಳೆಲ್ಲ ಭರ್ತಿಯಾಗಿ, ಡಿಸ್ಕು ಇನ್ನೂ ಮಿಕ್ಕಿರುವವರ ಉದ್ಧಾರಕ್ಕೆಂದೇ ಕಂಟ್ರೋಲರ್ ಕಾರ್ಡುಗಳು ಅವತರಿಸಿವೆ. ಖಾಲಿ ಸ್ಲಾಟಿಗೆ ಕಾರ್ಡು ಸಿಕ್ಕಿಸಿ, ಕೇಬಲ್ಲು ಚುಚ್ಚಿದರೆ ಮುಗಿಯಿತು ಎನ್ನುತ್ತದೆ ಡಬ್ಬಿ. ಅದರ ಮೇಲೆ ಲಿನಕ್ಸಿನ ಲಾಂಛನವಾದ ಒಂದು ಪೆಂಗ್ವಿನ್ ಕೂಡ ನಗುತ್ತಾ ನಿಂತಿರುತ್ತದೆ. ಅದು ಯಾರನ್ನು ನೋಡಿ ನಗುತ್ತಿತ್ತು ಎಂಬುದು ಡಬ್ಬಿ ಒಡೆದ ಮೇಲೆ ತಿಳಿಯುತ್ತದೆ. ಲಿನಕ್ಸ್ ಡ್ರೈವರ್ ಕೊಟ್ಟಿರುವುದು ನಿಜ. ಯಾವುದೋ ಒಂದು ರೆಡ್‌ಹ್ಯಾಟ್ ಆವೃತ್ತಿಯ ಯಾವುದೋ ಒಂದು ಕರ್ನಲ್ಲಿಗೆ ಮಾತ್ರ. ಅಪ್‌ಡೇಟ್ ಮಾಡಿದಿರೋ, ಕೆಟ್ಟಿರಿ.

ಕರ್ನಲ್ ಬರೆಯುವವರು ಈ ವಿಷಯದಲ್ಲಿ ಮುಚ್ಚುಮರೆ ಇಟ್ಟುಕೊಂಡಿಲ್ಲ. ಒಳಗಿನ ರೀತಿ ರಿವಾಜು ಬದಲಾಗುತ್ತಲೇ ಇರುತ್ತದೆ, ಡ್ರೈವರಿನ ಸೋರ್ಸ್ ನಮಗೆ ಒಪ್ಪಿಸಿ, ಮುಂದಿನದು ನಮ್ಮ ಪಾಡು ಎಂದು ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ದಾಖಲೆ ಕರ್ನಲ್ಲಿನ ಜೊತೆಗೇ ಬರುತ್ತದೆ. ಅದರ ಫೈಲಿನ ಹೆಸರಿನಲ್ಲೇ ‘ನಾನ್ಸೆನ್ಸ್’ ಇದೆ. ಆದರೆ ಸೋರ್ಸ್ ಒಪ್ಪಿಸಿದರೆ ಕಾರ್ಡಿನೊಳಗೆ ಏನೂ ಇಲ್ಲವೆಂಬುದು ಜಗಜ್ಜಾಹೀರಾಗುತ್ತದಲ್ಲ, ಕೆಲವು ತಯಾರಕರ ಸಂಕಟ ಅದು.

ಏನೂ ಇಲ್ಲ ಎಂದರೆ ನಿಜಕ್ಕೂ ಏನೂ ಇಲ್ಲ. ಪ್ರಾಮಿಸ್ ಕಂಪನಿಯ ಅಲ್ಟ್ರಾ66 ಸಾದಾ ಕಾರ್ಡು. ಫಾಸ್ಟ್‌ಟ್ರ್ಯಾಕ್66 ಅದಕ್ಕಿಂತ ದುಬಾರಿಯಾದ, ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟುವ ರೇಡ್ ಕಾರ್ಡು. 2000ದ ಆಸುಪಾಸಿನಲ್ಲಿ ಹವ್ಯಾಸಿಗಳು ಸಾದಾ ಕಾರ್ಡಿಗೆ ಒಂದು ರೆಸಿಸ್ಟರ್ ಬೆಸೆದು, ಬಯೋಸ್ ಬದಲಿಸಿ, ಅದನ್ನೇ ರೇಡ್ ಕಾರ್ಡಾಗಿಸಿ ತೋರಿಸಿದರು. ಇಂಥ ಅಗ್ಗದ ಕಾರ್ಡುಗಳಲ್ಲಿ ದುಡಿಯುವುದು ನಿಮ್ಮದೇ ಸಿಪಿಯು, ದುಡಿಸುವುದು ಡ್ರೈವರ್, ಹೆಸರು ಮಾತ್ರ ಕಾರ್ಡಿನದು. ವಿಂಡೋಸ್ ಆ ಡ್ರೈವರನ್ನು ನಂಬಿ ‘ಡಿಸ್ಕು ಒಂದು’ ಎಂದಿತು. ಲಿನಕ್ಸ್ ಎಣಿಸಿ ನೋಡಿ ‘ಎರಡು’ ಎಂದಿತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ: ಲಿನಕ್ಸಿಗೆ ರೇಡ್ ಅರ್ಥವೇ ಆಗುವುದಿಲ್ಲ ಎಂಬ ಬೈಗುಳ ಬಿತ್ತು. ಅದೇ ಕೆಲಸ ಮಾಡುವ ಎಂಡಿ ಎಂಬ ವ್ಯವಸ್ಥೆ ಕರ್ನಲ್ಲಿನಲ್ಲಿ ಬಿಟ್ಟಿಯಾಗಿ ಕೂತಿತ್ತು. ಕಾರ್ಡು ಸುಟ್ಟರೂ ಡಿಸ್ಕುಗಳನ್ನು ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಹಾಕಿ ಓದಬಹುದಿತ್ತು. ದುಡ್ಡು ಕೊಟ್ಟ ಕೈಗೆ ಬಿಟ್ಟಿಯದು ರುಚಿಸೀತೆ? ಕೊನೆಗೆ ಡಿಎಂರೇಡ್ ಎಂಬ ಸಲಕರಣೆ ಬರೆದು, ಕಾರ್ಡು ಹೇಳಿದ ಸುಳ್ಳನ್ನು ಲಿನಕ್ಸಿನ ಬಾಯಲ್ಲೂ ಹೇಳಿಸಲಾಯಿತು.

ಬೂಟ್ ಮಾಡುವಾಗಿನ ಸೊಗಸೇ ಬೇರೆ. ಡಿಸ್ಕು ಓದಲು ಡ್ರೈವರ್ ಬೇಕು. ಡ್ರೈವರ್ ಇರುವುದು ಅದೇ ಡಿಸ್ಕಿನಲ್ಲಿ. ಅದಕ್ಕೆಂದು ಡ್ರೈವರನ್ನು ಇನಿಟ್‌ರಾಮ್‌ಎಫ್‌ಎಸ್ ಎಂಬ ಬುತ್ತಿಯಲ್ಲಿ ತುಂಬಿ ಕರ್ನಲ್ಲಿನ ಜೊತೆಗೇ ಮೆಮೊರಿಗೆ ಏರಿಸಬೇಕು. ಏರಿಸಿದಿರಿ ಎನ್ನಿ; ನಿನ್ನೆಯವರೆಗೆ ಎಸ್‌ಡಿಎ ಆಗಿದ್ದ ಡಿಸ್ಕು ಇಂದು ಎಸ್‌ಡಿಸಿ ಆಗಿ ಕೂತಿರಬಹುದು. ಡಿಸ್ಕುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಈ ಹೆಸರುಗಳನ್ನು ನಂಬದೆ ಯುಯುಐಡಿ ಎಂಬ ಬದಲಾಗದ ಗುರುತು ಬರೆದವರಿಗಷ್ಟೇ ನೆಮ್ಮದಿಯ ನಿದ್ದೆ.

ಅಕ್ರಮ-ಸಕ್ರಮ ನಮ್ಮ ಸರ್ಕಾರದ್ದೇ ಪೇಟೆಂಟು ಎಂದುಕೊಂಡವರು ಕರ್ನಲ್ಲಿನ ಪಿಸಿಐ ಕ್ವಿರ್ಕ್ಸ್ ಫೈಲನ್ನೊಮ್ಮೆ ನೋಡಬೇಕು. ಮಾರ್ವೆಲ್‌ನ 88ಎಸ್‌ಇ9123ರಂಥ ಚಿಪ್ಪುಗಳು ಮೆಮೊರಿಗೆ ನೇರವಾಗಿ ಬರೆಯುವಾಗ ತಮ್ಮ ಹೆಸರು ಹೇಳುವುದಿಲ್ಲ. ತಮ್ಮದೇ ವಿಳಾಸದಲ್ಲಿ, ಇಲ್ಲದಿರುವ ಇನ್ನೊಂದು ಸಾಧನದ ಹೆಸರಿನಲ್ಲಿ ವ್ಯವಹಾರ ನಡೆಸುತ್ತವೆ. ಐಒಎಂಎಂಯು ಎಂಬ ಕಾವಲು ಇಲ್ಲದಿದ್ದಾಗ ಕೇಳುವವರೇ ಇರಲಿಲ್ಲ. ಕಾವಲು ಹಾಕಿದೊಡನೆ ಬೇನಾಮಿ ಅರ್ಜಿಗಳೆಲ್ಲ ವಜಾ ಆಗಿ, ಡಿಸ್ಕುಗಳು ಕಾಣೆಯಾದವು. ಇಂಥ ಚಿಪ್ಪುಗಳ ಪಟ್ಟಿಯೊಂದನ್ನು ಕರ್ನಲ್ ಈಗ ಇಟ್ಟುಕೊಂಡಿದೆ. ಪಟ್ಟಿಯಲ್ಲಿದ್ದರೆ ಬೇನಾಮಿಯೂ ಸಕ್ರಮ.

ಇಷ್ಟೆಲ್ಲ ಉಂಡವರು ಕೊನೆಗೆ ಬಂದು ನಿಲ್ಲುವುದು ಎಲ್‌ಎಸ್‌ಐ 9211-8ಐ ಎಂಬ ಕಾರ್ಡಿನ ಮುಂದೆ. ಇದರ ಎಸ್‌ಎಎಸ್2008 ಚಿಪ್ಪಿಗೆ ನಿಜವಾಗಿಯೂ ಬುದ್ಧಿಯಿದೆ. ಐಆರ್ ಫರ್ಮ್‌ವೇರ್ ಹಾಕಿದರೆ ರೇಡನ್ನು ತಾನೇ ಕಟ್ಟುತ್ತದೆ. ಕೊಂಡು ತಂದವರು ಮಾಡುವ ಮೊದಲ ಕೆಲಸ ಆ ಬುದ್ಧಿಯನ್ನು ಅಳಿಸುವುದು. ಅದೇ ಚಿಪ್ಪಿನ ಐಬಿಎಂ ಎಂ1015, ಡೆಲ್ ಎಚ್310 ಕಾರ್ಡುಗಳಿಗೂ ಇದೇ ಗತಿ. ಡಾಸ್ ಅಥವಾ ಇಎಫ್‌ಐ ಶೆಲ್ಲಿನಲ್ಲಿ ಕೂತು ಹಳೆಯ ಫರ್ಮ್‌ವೇರ್ ಒರೆಸಿ, ಡಿಸ್ಕುಗಳನ್ನು ಇದ್ದ ಹಾಗೇ ದಾಟಿಸುವ ಐಟಿ ಫರ್ಮ್‌ವೇರ್ ಬರೆಯಬೇಕು. ಕೆಲವು ಮದರ್‌ಬೋರ್ಡುಗಳು ಇಂಥ ಕಾರ್ಡು ಕಂಡರೆ ಏಳುವುದೇ ಇಲ್ಲ. ಆಗ ಕಾರ್ಡಿನ ಬಿ5, ಬಿ6 ಪಿನ್ನುಗಳ ಮೇಲೆ ಟೇಪು ಅಂಟಿಸಬೇಕು. ಇಷ್ಟು ಪಾಡು ಯಾಕೆ? ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ನಡೆಸುವವರಿಗೆ ಡಿಸ್ಕಿನ ದೋಷವನ್ನು ಡಿಸ್ಕಿನ ಬಾಯಿಂದಲೇ ಕೇಳಬೇಕು, ನಡುವೆ ಜಾಣರು ಇರಕೂಡದು. ಬುದ್ಧಿ ತೆಗೆಸಿಕೊಂಡ ಕಾರ್ಡನ್ನು ಸೆಕೆಂಡ್‌ಹ್ಯಾಂಡ್ ಮಾರುವವರು ‘ಐಟಿ ಮೋಡ್’ ಎಂದು ಹೆಮ್ಮೆಯಿಂದ ಬರೆದು, ನಾಲ್ಕು ಕಾಸು ಹೆಚ್ಚೇ ಕೇಳುತ್ತಾರೆ.

ಹೀಗೆ ವಿಧೇಯವಾದದ್ದಕ್ಕೂ ಸುಖವಿಲ್ಲ. 2019ರಲ್ಲಿ ಬಂದ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಎಸ್‌ಎಎಸ್2008 ಚಿಪ್ಪನ್ನು ಕೈಬಿಟ್ಟಿತು. ಅದನ್ನು ನಡೆಸುವ ಎಂಪಿಟಿ3ಸ್ಯಾಸ್ ಡ್ರೈವರ್ ಅಲ್ಲೇ ಇತ್ತು. ಅದು ಗುರುತು ಹಿಡಿಯುವ ಸಂಖ್ಯೆಗಳ ಪಟ್ಟಿಯಿಂದ ಈ ಚಿಪ್ಪಿನ ಸಂಖ್ಯೆಯನ್ನು ಕಿತ್ತಿದ್ದರು. ಎಲ್‌ರೆಪೊ ಸಮುದಾಯದವರು ಹಳೆಯ ಸಂಖ್ಯೆಗಳನ್ನು ಮತ್ತೆ ಸೇರಿಸಿದ ಮಾಡ್ಯೂಲ್ ಹಂಚಿದರು.

ಆದ್ದರಿಂದ ಕಾರ್ಡು ತಯಾರಿಸುವ ಮಹನೀಯರಲ್ಲಿ ಬಿನ್ನಹ: ಪೆಂಗ್ವಿನ್ನಿಗೆ ಬಿಡುವು ಕೊಡಿ, ಸಾಧನೆಗಳ ಪಟ್ಟಿ ಅಳಿಸಿ. ‘ಈ ಕಾರ್ಡಿಗೆ ಡಿಸ್ಕು ತೋರಿಸುವುದು ಬಿಟ್ಟು ಬೇರೇನೂ ಬರುವುದಿಲ್ಲ’ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿ. ಚೌಕಾಸಿ ಮಾಡದೆ ಒಯ್ಯುತ್ತೇವೆ.