ತೂತಿಲ್ಲದ ಟಾಪಿನ ಸಾಹೇಬರಿಗೆ, ಹಿಂದಿನ ಗಾಡಿಯವನ ಪತ್ರ

ಮಾನ್ಯರೇ,

ಕ್ಯಾಂಪರ್ ವ್ಯಾನಿನ ಟಾಪಿಗೆ ಒಂದೇ ಒಂದು ತೂತು ಹೊಡೆಯದೆ ಸೋಲಾರ್ ಪ್ಯಾನೆಲ್ ಕೂರಿಸಿದ ತಮ್ಮ ಸಾಧನೆಗೆ ಮೊದಲು ದೊಡ್ಡ ನಮಸ್ಕಾರ. ಏಕಾದಶಿ ಉಪವಾಸದವರನ್ನು ಕಂಡಿದ್ದೇನೆ, ಬರಿಗಾಲಲ್ಲಿ ಬೆಟ್ಟ ಹತ್ತುವವರನ್ನು ಕಂಡಿದ್ದೇನೆ. ಡ್ರಿಲ್ ಮಿಷನ್ನು ಮುಟ್ಟುವುದಿಲ್ಲ ಎಂದು ವ್ರತ ಹಿಡಿದವರನ್ನು ಕಂಡದ್ದು ಇದೇ ಮೊದಲು.

ತಮ್ಮ ಹೆಸರು ಕೇಳಲಾಗಲಿಲ್ಲ. ಲಾಸ್ ಏಂಜಲಿಸಿನಿಂದ ಅರಿಜೋನಾ ಕಡೆ ಹೋಗುವ ಇಂಟರ್‌ಸ್ಟೇಟ್ 10ರ ಬದಿಯ ತಂಗುದಾಣದಲ್ಲಿ, ತಮ್ಮ ಬಿಳಿ ವ್ಯಾನಿನ ಹಿಂಬಾಗಿಲ ಮೇಲೆ ಹಳದಿ-ಕೆಂಪು ಬಾವುಟದ ಸ್ಟಿಕ್ಕರ್ ನೋಡಿ "ಕನ್ನಡದವರಾ?" ಎಂದೆ. ತಾವು ಊರು ಯಾವುದು ಎಂದು ಕೂಡ ವಿಚಾರಿಸದೆ ಸೀದಾ ಟಾಪಿನ ಕಡೆ ಬೆರಳು ಮಾಡಿ, "ಒಂದೂ ತೂತಿಲ್ಲ ಸಾರ್, ಎಲ್ಲ ಟೇಪಿನ ಮೇಲೇ ನಿಂತಿದೆ" ಎಂದಿರಿ. ಪರದೇಶದಲ್ಲಿ ಕನ್ನಡಿಗರು ಎದುರಾದರೆ "ಬೆಂಗಳೂರಲ್ಲಿ ಎಲ್ಲಿ?" ಎಂಬ ಪ್ರಶ್ನೆ ಮೊದಲು ಬರಬೇಕು. ಅದನ್ನೇ ನುಂಗಿ ಹಾಕಿದ ಹೆಮ್ಮೆ ಅದು. ಅರಿಜೋನಾದ ಕ್ವಾರ್ಟ್ಸೈಟಿನ ಮರಳುಗಾಡಿನಲ್ಲಿ ಚಳಿಗಾಲದ ಬಿಡಾರ ಹೂಡಲು ಹೊರಟಿದ್ದೇವೆ ಎಂದೂ ಹೇಳಿದಿರಿ. ಆಮೇಲೆ ತಾವು ಮುಂದೆ, ನಾನು ಹಿಂದೆ. ನನ್ನದು ಪುಟ್ಟ ಕಾರು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮೈಸೂರಿನಿಂದ ಬಂದಿರುವ ಅತ್ತೆ.

ಒಂದು ಇಳಿಜಾರಿನಲ್ಲಿ ತಾವು ಕೆಳಗೆ, ನಾವು ಮೇಲೆ ಇದ್ದಾಗ ತಮ್ಮ ಟಾಪು ಪೂರ್ತಿ ಕಾಣಿಸಿತು. ಪ್ಯಾನೆಲ್ಲಿನ ಎಡಮೂಲೆ ಸುಮ್ಮನಿರಲಿಲ್ಲ. ದೊಡ್ಡ ಟ್ರಕ್ಕು ಪಕ್ಕದಲ್ಲಿ ಹಾದಾಗ ಅದರಡಿಯ ಸಂದು ಅಗಲವಾಗುತ್ತಿತ್ತು, ಟ್ರಕ್ಕು ಮುಂದೆ ಹೋದ ಮೇಲೆ ಮುಚ್ಚಿಕೊಳ್ಳುತ್ತಿತ್ತು.

"ಅಳಿಯಂದ್ರೇ, ಆ ಗಾಡಿ ಮೇಲೆ ಏನೋ ಪಟಪಟ ಅಂತಿದೆಯಲ್ಲ?" ಎಂದರು ಅತ್ತೆ.

"ಸೋಲಾರ್ ಅತ್ತೆ."

"ಕಟ್ಟಿಲ್ವೇ ಅದನ್ನ?"

"ಅಂಟಿಸಿದ್ದಾರೆ."

ಅತ್ತೆ ಮುಂದೆ ಮಾತಾಡಲಿಲ್ಲ. ವಿಷ್ಣು ಸಹಸ್ರನಾಮ ಶುರು ಮಾಡಿದರು. ನನಗೆ ಸಹಸ್ರನಾಮ ಬಾಯಿಗೆ ಬಾರದ ಕಾರಣ ಲೇನ್ ಬದಲಿಸಿದೆ.

ಸ್ವಾಮಿ, ತಮ್ಮ ಭಯ ನೀರಿನದು. ಅದು ಸುಳ್ಳು ಭಯ ಎಂದು ನಾನು ಹೇಳುವುದಿಲ್ಲ. ತಗಡಿನ ಟಾಪಿಗೆ ತೂತು ಹೊಡೆದು ಅಂಚಿಗೆ ಬಣ್ಣ ಹಚ್ಚದೆ ಬಿಟ್ಟರೆ ತುಕ್ಕು ಅಲ್ಲಿಂದಲೇ ಶುರು. ಟ್ರೇಲರುಗಳಲ್ಲಿ ಇನ್ನೂ ಕಷ್ಟ. ಮೇಲೆ ರಬ್ಬರ್ ಹಾಳೆ, ಕೆಳಗೆ ತೆಳು ಪ್ಲೈವುಡ್. ಹನಿ ಹನಿಯಾಗಿ ಇಳಿದ ನೀರು ಒಳಗಿನ ಸೀಲಿಂಗಿನಲ್ಲಿ ಕಲೆಯಾಗಿ ಕಾಣಿಸುವ ಹೊತ್ತಿಗೆ ಪ್ಲೈವುಡ್ ಕೊಳೆತಿರುತ್ತದೆ. ಇದೆಲ್ಲ ಒಪ್ಪಿದೆ. ಆದರೆ ಎಲ್ಲರ ಮನೆ ದೋಸೆಯೂ ತೂತೇ. ತಮ್ಮ ಟಾಪಿನ ನಟ್ಟನಡುವೆ ಗಾಳಿಯಾಡಲು ಒಂದು ಫ್ಯಾನಿದೆಯಲ್ಲ, ಅದನ್ನು ಕೂರಿಸಲು ಕೊಯ್ದ ಚೌಕ 14 ಇಂಚು ಉದ್ದ, 14 ಇಂಚು ಅಗಲ. ಪ್ಯಾನೆಲ್ಲಿಗೆ ನಾಲ್ಕು ಬ್ರಾಕೆಟ್, ಒಂದೊಂದಕ್ಕೆ ಎರಡರಂತೆ 5 ಮಿಲಿಮೀಟರಿನ ಎಂಟು ಸ್ಕ್ರೂ ಎಂದುಕೊಳ್ಳಿ. ಆ ಎಂಟೂ ತೂತುಗಳನ್ನು ಕೂಡಿಸಿದರೂ ಫ್ಯಾನಿನ ಚೌಕ ಅದರ ಎಂಟುನೂರು ಪಟ್ಟು ದೊಡ್ಡದು. ಗರಗಸ ಹಿಡಿದು ಅಷ್ಟು ದೊಡ್ಡ ಕಿಟಕಿ ಕೊಯ್ಯುವಾಗ ನಡುಗದ ಕೈ ಎಂಟು ಸ್ಕ್ರೂ ಕಂಡರೆ ನಡುಗುತ್ತದೆ.

ತಮ್ಮ ಹಾಗೆಯೇ ವ್ರತ ಹಿಡಿದ ಏರ್‌ಸ್ಟ್ರೀಮ್ ಮಾಲೀಕರೂ ಇದ್ದಾರೆ. 1930ರ ದಶಕದಿಂದ ತಯಾರಾಗುತ್ತಿರುವ ಆ ಬೆಳ್ಳಿಬಣ್ಣದ ಟ್ರೇಲರಿನ ಅಲ್ಯುಮಿನಿಯಂ ಮೈ ನಿಂತಿರುವುದೇ ರಿವೆಟ್ಟಿನ ಮೇಲೆ, ಅಂದರೆ ಸಾಲು ಸಾಲು ತೂತಿನ ಮೇಲೆ. ಅಲ್ಲೂ "ತೂತು ಮಾತ್ರ ಬೇಡ" ಎನ್ನುತ್ತಾರೆ.

ನನ್ನ ಭಯ ಗಾಳಿಯದು. ಗಾಳಿಯ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಗಂಟೆಗೆ 105 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಗೆ ನೇರ ಒಡ್ಡಿದ ಒಂದು ಚದರ ಮೀಟರ್ ಹಲಗೆಯ ಮೇಲೆ ಬೀಳುವ ಒತ್ತಡ ಸುಮಾರು 50 ಕಿಲೋ ಭಾರಕ್ಕೆ ಸಮ. ಅದರ ಜೊತೆಗೆ ಎದುರಿನಿಂದ 50 ಕಿಲೋಮೀಟರಿನ ಗಾಳಿಯೂ ಸೇರಿದರೆ 110 ಕಿಲೋ ದಾಟುತ್ತದೆ. ತಮ್ಮ 200 ವಾಟಿನ ಪ್ಯಾನೆಲ್ಲಿನ ವಿಸ್ತಾರ ಹೆಚ್ಚುಕಡಿಮೆ ಅಷ್ಟೇ, ತೂಕ ಹನ್ನೊಂದು ಕಿಲೋದ ಆಸುಪಾಸು. ಪ್ಯಾನೆಲ್ಲನ್ನು ಮಲಗಿಸಿದ್ದೇನೆ, ನಿಲ್ಲಿಸಿಲ್ಲ ಎನ್ನುತ್ತೀರಿ. ನಿಜ, ಮಲಗಿದಷ್ಟು ಹೊತ್ತು ಎಳೆತ ಕಡಿಮೆ. ಒಂದು ಮೂಲೆ ಎದ್ದು ಅಡಿಗೆ ಗಾಳಿ ನುಗ್ಗಿತೋ, ಆಮೇಲೆ ಅದು ಮಲಗಿದ ಹಲಗೆಯಲ್ಲ.

ಇಷ್ಟಕ್ಕೂ ತಾವು ಆರಿಸಿಕೊಂಡ ದಾರಿ ಯಾವುದು? ಪಾಮ್ ಸ್ಪ್ರಿಂಗ್ಸ್ ಹತ್ತಿರ ಈ ಹೆದ್ದಾರಿ ಸ್ಯಾನ್ ಗೊರ್ಗೋನಿಯೊ ಕಣಿವೆಯಲ್ಲಿ ಹಾದುಹೋಗುತ್ತದೆ. ಎರಡು ಬೆಟ್ಟಗಳ ನಡುವೆ ಗಾಳಿ ಒತ್ತಿಕೊಂಡು ನುಗ್ಗುವ ಜಾಗ. ಅದಕ್ಕೇ 1980ರ ದಶಕದಿಂದ ಅಲ್ಲಿ ವಿದ್ಯುತ್ತಿಗೆಂದು ಗಾಳಿಯಂತ್ರಗಳ ಕಾಡನ್ನೇ ನೆಟ್ಟಿದ್ದಾರೆ. ಸೂರ್ಯನಿಂದ ಕರೆಂಟು ತೆಗೆಯಲು ಹೊರಟ ತಾವು, ಗಾಳಿಯಿಂದ ಕರೆಂಟು ತೆಗೆಯುವ ಊರಿನಲ್ಲಿ ಟೇಪು ಪರೀಕ್ಷೆ ಮಾಡಿದಿರಿ. ಪರೀಕ್ಷಕನಾಗಿ ನನ್ನನ್ನು ಹಿಂದೆ ಇಟ್ಟುಕೊಂಡಿರಿ.

ಅಂಟನ್ನು ನಾನು ಹೀಯಾಳಿಸುತ್ತಿಲ್ಲ. ನನ್ನ ಕಾರಿನ ಮುಂದಿನ ಗಾಜು ನಿಂತಿರುವುದೂ ಪಾಲಿಯುರೆಥೇನ್ ಅಂಟಿನ ಮೇಲೆಯೇ. ಗಗನಚುಂಬಿ ಕಟ್ಟಡಗಳ ಗಾಜಿನ ಗೋಡೆಗಳನ್ನು ಸಿಲಿಕೋನ್ ಹಿಡಿದಿದೆ. ತಮ್ಮ ಮೆಚ್ಚಿನ ವಿಎಚ್‌ಬಿ ಟೇಪು ತ್ರೀಎಂ ಕಂಪನಿಯಿಂದ ಮಾರುಕಟ್ಟೆಗೆ ಬಂದದ್ದು 1980ರಲ್ಲಿ, ಟ್ರಕ್ಕಿನ ಮೈಗೆ ತಗಡು ಕೂರಿಸಲು ಕೂಡ ಅದನ್ನು ಬಳಸುತ್ತಾರೆ. ಆದರೆ ಅವರೆಲ್ಲ ಮಡಿ ಪಾಲಿಸುತ್ತಾರೆ, ತಾವು ಮಡಿಯಿಲ್ಲದೆ ಪೂಜೆಗೆ ಕೂತಿರಿ. ಮೊದಲು ಟಾಪಿನ ಮೇಣ, ಪಾಲಿಶ್ ಎಲ್ಲ ತೆಗೆಯಬೇಕು. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಅರ್ಧ, ನೀರು ಅರ್ಧ ಬೆರೆಸಿ ಒರೆಸಬೇಕು. ಒರೆಸಿದ ಬಟ್ಟೆಯನ್ನೇ ತಿರುಗಿಸಿ ಮತ್ತೆ ಒರೆಸಿದರೆ ಮೈಲಿಗೆ. ಒರೆಸಿದ ಜಾಗವನ್ನು ಬೆರಳಿಂದ ಮುಟ್ಟಿ "ಒಣಗಿದೆಯಾ?" ಎಂದು ನೋಡಿದರೆ ಬೆರಳಿನ ಎಣ್ಣೆ ತಗುಲಿ ಮತ್ತೆ ಮೈಲಿಗೆ. ಹತ್ತು ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಅಂಟಿಸುವುದು ನಿಷಿದ್ಧ. ಅಂಟಿಸಿ ರೋಲರಿನಿಂದ ಗಟ್ಟಿಯಾಗಿ ಒತ್ತಬೇಕು. ಇಪ್ಪತ್ತು ನಿಮಿಷದಲ್ಲಿ ಅರ್ಧ ಬಲ, ಒಂದು ದಿನಕ್ಕೆ ಶೇಕಡಾ 90, ಮೂರು ದಿನಕ್ಕೆ ಪೂರ್ತಿ. ಇದೂ ಹದವಾದ ಹವೆಯ ಲೆಕ್ಕ. ತಂಗುದಾಣದಲ್ಲಿ ತಾವೇ ಬಾಯಿಬಿಟ್ಟಂತೆ, ರಾತ್ರಿ ಅಂಟಿಸಿ ಬೆಳಗಿನ ಕಾಫಿಯ ನಂತರ ಹೊರಟಿದ್ದಿರಿ.

ಆ ಟೇಪಿನ ಸ್ವಭಾವ ಇನ್ನೂ ಒಂದಿದೆ. ಅಡ್ಡಕ್ಕೆ ಜಾರಿಸಲು ನೋಡಿದರೆ ಜಪ್ಪಯ್ಯ ಅನ್ನುವುದಿಲ್ಲ. ಒಂದು ಅಂಚಿನಿಂದ ಸುಲಿಯತೊಡಗಿದರೆ ಮಾತ್ರ ಸುಲಭಕ್ಕೆ ಸೋಲುತ್ತದೆ. ಗಾಳಿಗೆ ಇದು ಗೊತ್ತು, ಅದು ಹುಡುಕುವುದೇ ಅಂಚನ್ನು. ಜರ್ಮನಿಯ ಮೋಟರ್‌ಹೋಮಿನವರು ಎಬಿಎಸ್ ಪ್ಲಾಸ್ಟಿಕ್ಕಿನ ಓರೆ ಪಟ್ಟಿಗಳನ್ನು ಪ್ಯಾನೆಲ್ಲಿನ ಮುಂದೆ ಮತ್ತು ಮೂಲೆಗಳಲ್ಲಿ ಅಂಟಿಸಿ, ಗಾಳಿಗೆ ಅಂಚೇ ಸಿಗದ ಹಾಗೆ ಮಾಡುವುದು ಇದೇ ಕಾರಣಕ್ಕೆ. ಅವರ ಅಂಟು ಟೇಪಲ್ಲ, ಟ್ಯೂಬಿನಿಂದ ಹಿಂಡುವ ಪಾಲಿಯುರೆಥೇನ್. ಅದರ ಗಮ್ಮತ್ತು ಕೇಳಿ: ಅದು ಗಟ್ಟಿಯಾಗಬೇಕಾದರೆ ಗಾಳಿಯಲ್ಲಿ ತೇವ ಇರಬೇಕು. ನೀರಿಗೆ ಹೆದರಿ ಅಂಟು ಹಿಡಿದವರನ್ನು ಆ ಅಂಟು ಕೇಳುವುದೂ ನೀರನ್ನೇ. ಹೊರಗಿನಿಂದ ಒಳಗೆ ದಿನಕ್ಕೆ ಮೂರು-ನಾಲ್ಕು ಮಿಲಿಮೀಟರ್ ಒಣಗುತ್ತಾ ಬರುತ್ತದೆ, ಒಣಹವೆಯ ಅರಿಜೋನಾದಲ್ಲಿ ಇನ್ನೂ ನಿಧಾನ. ಐದು ಸೆಂಟಿಮೀಟರ್ ಅಗಲದ ಪಟ್ಟಿಯ ನಟ್ಟನಡುವಿನ ಅಂಟು ವಾರ ಕಳೆದರೂ ಹಸಿಯಾಗಿಯೇ ಇರಬಹುದು.

ರಬ್ಬರ್ ಹಾಳೆಯ ಟಾಪಿನವರಿಗೆ ನನ್ನ ಸಂತಾಪ ಪ್ರತ್ಯೇಕ. ಆ ಹಾಳೆಯನ್ನೇ ಪ್ಲೈವುಡ್ಡಿಗೆ ಅಂಟಿಸಿರುತ್ತಾರೆ. ತಾವು ಎಂಥ ದೈವೀ ಅಂಟು ತಂದು ಹಚ್ಚಿದರೂ ಪ್ಯಾನೆಲ್ಲಿನ ಗಟ್ಟಿತನ ಕೆಳಗಿನ ಆ ಅಂಟಿನ ಗಟ್ಟಿತನದಷ್ಟೇ. ಗಾಳಿ ಎಳೆದಾಗ ಟಾಪಿನ ಚರ್ಮವೂ ಪ್ಯಾನೆಲ್ಲಿನ ಜೊತೆ ಹೊರಡುತ್ತದೆ. ಆಗ ಮಳೆಗೆ ತೂತೇ ಬೇಕಿಲ್ಲ.

ಬಾಗುವ ತೆಳು ಪ್ಯಾನೆಲ್ಲನ್ನು ಪೂರಾ ಟಾಪಿಗೇ ಅಂಟಿಸಿಬಿಡುವ ಜಾಣರೂ ಇದ್ದಾರೆ. ಗಾಳಿಗೆ ಸಂದೇ ಇಲ್ಲ, ನೋಡಲೂ ಚೆಂದ. ಆದರೆ ಪ್ಯಾನೆಲ್ಲಿನ ವಾಟು ಅಳೆಯುವುದು 25 ಡಿಗ್ರಿಯಲ್ಲಿ. ಅದಕ್ಕಿಂತ ಮೇಲೆ ಏರಿದ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಕಸುವು ಇಳಿಯುತ್ತದೆ. ಅಡಿಯಲ್ಲಿ ಗಾಳಿಯಾಡದ ಪ್ಯಾನೆಲ್ ಬಿಸಿಲಲ್ಲಿ 65ಕ್ಕೆ ಏರಿದರೆ 200 ವಾಟಿನಲ್ಲಿ 25-30 ವಾಟು ಅಲ್ಲೇ ಆವಿ. ಮುಂದೊಂದು ದಿನ ಅದು ಕೆಟ್ಟಾಗ ಕೀಳುವ ವೈಭವವನ್ನು ನೋಡಬೇಕು. ಒಬ್ಬರು ಹೀಟ್ ಗನ್ನಿನಿಂದ ಅಂಚು ಕಾಯಿಸುತ್ತಾರೆ. ಇನ್ನಿಬ್ಬರು ಟಾಪಿನ ಆಚೆ ಈಚೆ ಮಂಡಿಯೂರಿ, ಮೀನಿನ ಗಾಳದ ದಾರವನ್ನು ಅಡಿಗೆ ತೂರಿಸಿ, ಎರಡೂ ತುದಿಗೆ ಕಡ್ಡಿ ಕಟ್ಟಿಕೊಂಡು ಹಿಂದೆ ಮುಂದೆ ಎಳೆಯುತ್ತಾರೆ. ದಾರ ತುಂಡಾಗುತ್ತದೆ, ಹೊಸದನ್ನು ತೂರಿಸುತ್ತಾರೆ. ಕೊನೆಗೆ ಪ್ಯಾನೆಲ್ ಬರುತ್ತದೆ, ಜೊತೆಗೆ ಅಂಗೈಯಗಲದ ಬಣ್ಣವೂ.

ತೂತಿಲ್ಲದೆ ಮಾಡಲು ದಾರಿಯೇ ಇಲ್ಲವೇ ಎಂದರೆ, ಇದೆ. ಅದು ತಮ್ಮ ಕಾಲ ಕೆಳಗೇ, ಅಲ್ಲ, ತಲೆ ಮೇಲೇ ಇತ್ತು. ಫೋರ್ಡ್ ಟ್ರಾನ್ಸಿಟ್, ರಾಮ್ ಪ್ರೊಮಾಸ್ಟರ್ ಮೊದಲಾದ ವ್ಯಾನುಗಳ ಟಾಪಿನ ಬದಿಗಳಲ್ಲಿ ಲಗೇಜ್ ರ‍್ಯಾಕ್ ಕೂರಿಸಲೆಂದು ಕಾರ್ಖಾನೆಯವರೇ ಹಿಡಿಗಳನ್ನು ಬಿಟ್ಟಿರುತ್ತಾರೆ. ಅದಕ್ಕೆ ಅಡ್ಡಪಟ್ಟಿ ಬೋಲ್ಟ್ ಮಾಡಿ, ಪಟ್ಟಿಯ ಮೇಲೆ ಪ್ಯಾನೆಲ್ ಬಿಗಿದರೆ ಹೊಸ ತೂತೂ ಇಲ್ಲ, ಅಂಟೂ ಇಲ್ಲ, ಅಡಿಯಲ್ಲಿ ಗಾಳಿಯೂ ಆಡುತ್ತದೆ. ಹಳೆಯ ಫೋಕ್ಸ್‌ವ್ಯಾಗನ್ ವ್ಯಾನಿನವರಿಗೆ ಟಾಪಿನ ಅಂಚಿನ ಮಳೆನೀರಿನ ದೋಣಿಗೇ ಕ್ಲ್ಯಾಂಪ್ ಹಾಕುವ ಭಾಗ್ಯವಿತ್ತು. ಅದೂ ಬೇಡವೆಂದರೆ ಮಡಚುವ ಪ್ಯಾನೆಲ್ ತಂದು ನೆಲದ ಮೇಲೆ ಬಿಸಿಲಿಗೆ ಒಡ್ಡಿ, ವ್ಯಾನನ್ನು ನೆರಳಿನಲ್ಲಿ ನಿಲ್ಲಿಸಬಹುದು. ಆದರೆ ಅದನ್ನು ನೋಡಿ ತಂಗುದಾಣದಲ್ಲಿ ಯಾರೂ ಬೆರಗಾಗುವುದಿಲ್ಲ, ಒಪ್ಪಿದೆ.

ಆದದ್ದು ಆಯಿತು. ಕೀಳಿ ಎಂದು ಹೇಳುವ ಅಧಿಕಾರ ನನಗಿಲ್ಲ. ಎರಡು ಬೇಡಿಕೆಗಳಿವೆ. ಒಂದು, ಪ್ಯಾನೆಲ್ಲಿನ ಅಲ್ಯುಮಿನಿಯಂ ಚೌಕಟ್ಟಿನಲ್ಲಿ ಕಾರ್ಖಾನೆಯೇ ಕೊಟ್ಟ ತೂತುಗಳಿವೆ. ಅವನ್ನು ಹೊಡೆದ ಪಾಪ ತಮ್ಮ ತಲೆಗೆ ಬರುವುದಿಲ್ಲ. ಅದರಲ್ಲಿ ಉಕ್ಕಿನ ತೆಳು ಹಗ್ಗ ಪೋಣಿಸಿ ಟಾಪಿನ ಆ ಹಿಡಿಗೆ ಕಟ್ಟಿ. ಟೇಪು ಬಿಟ್ಟರೂ ಪ್ಯಾನೆಲ್ ತಮ್ಮ ಗಾಡಿಯ ಮೇಲೆಯೇ ಕುಣಿಯಲಿ, ನಮ್ಮ ಗಾಜಿನ ಮೇಲೆ ಬೇಡ. ಎರಡು, ಪೆಟ್ರೋಲ್ ಹಾಕಿಸಲು ನಿಂತಾಗಲೆಲ್ಲ ಏಣಿ ಹತ್ತಿ ನಾಲ್ಕೂ ಮೂಲೆ ಅಲುಗಾಡಿಸಿ ನೋಡಿ. ಅಲುಗಾಡಿದರೆ ಎಡ ಲೇನಿಗೆ ಹೋಗಬೇಡಿ. ನಾನು ಸಾಮಾನ್ಯವಾಗಿ ಅಲ್ಲೇ ಇರುತ್ತೇನೆ.

ಇತಿ,
ತಮ್ಮ ಹಿಂದಿನ ಗಾಡಿಯವ

ವಿ.ಸೂ.: ಇಳಿಜಾರಿನಲ್ಲಿ ಪ್ಯಾನೆಲ್ಲಿನ ಪಕ್ಕ ಒಂದು ಪುಟ್ಟ ಕಪ್ಪು ಡಬ್ಬಿಯೂ ಕಂಡಿತು. ಎರಡು ತಂತಿ ಅದರೊಳಗೆ ಹೋಗಿದ್ದವು, ಹೊರಗೆ ಬಂದಿರಲಿಲ್ಲ. ತಂತಿ ವ್ಯಾನಿನೊಳಗೆ ಇಳಿಸುವ ಡಬ್ಬಿ ತಾನೇ ಅದು? ಅದರಡಿಯಲ್ಲಿ ಎಷ್ಟು ಮಿಲಿಮೀಟರಿನ ಡ್ರಿಲ್ ಬಿಟ್ ಬಳಸಿದಿರಿ ಎಂದು ದಯವಿಟ್ಟು ಒಂದು ಸಾಲು ಬರೆದು ತಿಳಿಸಿ.