ವಜಾಗೊಂಡ ಬಕಲ್‌ನ ಹೇಳಿಕೆ

ಬೆಂಗಳೂರಿನ ಗ್ಯಾರೇಜೊಂದರ ಮೇಜಿನ ಮೇಲೆ, ಸುಟ್ಟ ಫ್ಯೂಸುಗಳ ಡಬ್ಬಿಗೂ ಅರ್ಧ ಕುಡಿದಿಟ್ಟ ಬೈಟೂ ಕಾಫಿಗೂ ನಡುವೆ ಇವರು ಸಿಕ್ಕರು. ಹುದ್ದೆ: ಐದು ಸೀಟಿನ ಕಾರೊಂದರ ಹಿಂದಿನ ಸೀಟು, ಎಡಬದಿಯ ಸೀಟ್‌ಬೆಲ್ಟ್ ಬಕಲ್. ಆರೋಪ: ಬೆಲ್ಟ್ ಹಾಕಿಕೊಂಡು ಕೂತವರನ್ನೂ ‘ಹಾಕಿಲ್ಲ’ ಎಂದು ದೂರಿ, ದಾರಿಯುದ್ದಕ್ಕೂ ಟಿಂಗ್ ಟಿಂಗ್ ಮಾಡಿಸಿದ್ದು. ಶಿಕ್ಷೆ: ವಜಾ. ಅವರ ಜಾಗಕ್ಕೆ ಹೊಸ ಬಕಲ್ ಬಂದಿದೆ. ಟಿಂಗ್ ಟಿಂಗ್ ಮಾತ್ರ ಹೋಗಿಲ್ಲ. ಹಾಗಾಗಿ ಕಾರು ಈಗ ಎರಡನೇ ಗ್ಯಾರೇಜಿನಲ್ಲಿದೆ, ಇವರು ಡಿಕ್ಕಿಯಲ್ಲಿ ಕೂತು ಜೊತೆಗೇ ಬಂದಿದ್ದಾರೆ.

ಪ್ರಶ್ನೆ: ನಿಮ್ಮ ಕೂಗಾಟದಿಂದ ಮಾಲೀಕರಿಗೆ ತಲೆನೋವೇ ಬಂದಿತ್ತಂತೆ?

ಬಕಲ್: ಮೊದಲು ಇದನ್ನು ಬರೆದುಕೊಳ್ಳಿ ಸ್ವಾಮಿ. ಕೂಗುವವನು ನಾನಲ್ಲ. ಅವನು ಮುಂದೆ, ಸ್ಪೀಡೋಮೀಟರಿನ ಹಿಂದೆ ತಣ್ಣಗೆ ಕೂತಿದ್ದಾನೆ. ನನಗೆ ಬಾಯಿ ಇರುವುದು ಬೆಲ್ಟಿನ ತುದಿಯ ತಗಡನ್ನು ಕಚ್ಚಿ ಹಿಡಿಯುವುದಕ್ಕೆ. ತಗಡು ಒಳಗೆ ಬಂದರೆ ನನ್ನೊಳಗಿನ ಪುಟ್ಟ ಸ್ವಿಚ್ ಕೂಡಿಕೊಳ್ಳುತ್ತದೆ, ಹೋದರೆ ಬಿಟ್ಟುಕೊಳ್ಳುತ್ತದೆ. ನನ್ನ ವಿದ್ಯೆ ಅಷ್ಟೇ. ಸೀಟಿನ ಒಳಗಿರುವ ತೂಕದ ಪಟ್ಟಿ ‘ಯಾರೋ ಕೂತರು’ ಎನ್ನುತ್ತದೆ, ನಾನು ‘ತಗಡು ಬಂದಿಲ್ಲ’ ಎನ್ನುತ್ತೇನೆ. ಎರಡನ್ನೂ ಕೇಳಿ ತೀರ್ಪು ಕೊಡುವ ಕಂಟ್ರೋಲ್ ಯೂನಿಟ್ ಬೇರೆ ಇದೆ. ಅದನ್ನು ಯಾರೂ ಬೈಯುವುದಿಲ್ಲ. ಬದಲಿಸಬೇಕೆಂದರೆ ದುಬಾರಿ ನೋಡಿ.

ಪ್ರಶ್ನೆ: ಆ ಪಟ್ಟಿ ಸುಳ್ಳು ಹೇಳುವುದಿಲ್ಲವೇ?

ಬಕಲ್: ಅದಕ್ಕೆ ನಿಮ್ಮ ಭಾವನೂ ಒಂದೇ, 20 ಲೀಟರಿನ ನೀರಿನ ಕ್ಯಾನೂ ಒಂದೇ. ಹಲಸಿನ ಹಣ್ಣಿಗೆ ಬೆಲ್ಟ್ ಹಾಕಿಸಿ ಊರಿಂದ ಕರೆತಂದ ಕಾರು ನಮ್ಮದು. ಮಗು ಚೆಲ್ಲಿದ ಮಾವಿನ ಜ್ಯೂಸು ಪಟ್ಟಿಯ ತನಕ ಇಳಿದರೆ ಖಾಲಿ ಸೀಟಿನಲ್ಲೂ ಯಾರೋ ಇದ್ದಾರೆ ಎಂಬ ವರದಿ ಹೋಗಬಹುದು. ಇಲ್ಲದ ಪ್ರಯಾಣಿಕನಿಗೆ ಬೆಲ್ಟ್ ಹಾಕಿಸು ಎಂದು ಕಾರು ಹಟ ಹಿಡಿದರೆ, ಎಲೆಕ್ಟ್ರಿಷಿಯನ್‌ಗೆ ಫೋನು ಹೋಗುವ ಮೊದಲು ಬಂಪರಿನ ನಿಂಬೆಹಣ್ಣು ಬದಲಾಗುತ್ತದೆ.

ಪ್ರಶ್ನೆ: ನಿಮ್ಮ ವಿಚಾರಣೆ ಹೇಗೆ ನಡೆಯಿತು?

ಬಕಲ್: ನಡೆಯಲೇ ಇಲ್ಲ. ‘ಸೌಂಡ್ ಬರ್ತಿದೆ, ನಿಲ್ಲಿಸಿ’ ಅಂದರು ಮಾಲೀಕರು. ಯಾಕೆ ಬರ್ತಿದೆ ನೋಡಿ ಅನ್ನಲಿಲ್ಲ. ಮೊದಲ ಗ್ಯಾರೇಜಿನವರು ನನ್ನನ್ನು ಬಿಚ್ಚಿ, ಹೊಸಬನನ್ನು ಕೂರಿಸಿ, ಬಿಲ್ ಬರೆದರು. ಯಾವಾಗ ಬರುತ್ತೆ ಅಂತ ಒಂದು ಮಾತು ಕೇಳಿದ್ದರೆ ನನ್ನ ನೌಕರಿ ಉಳಿಯುತ್ತಿತ್ತು. ಕಾರು ನಿಂತಾಗ ಬರುತ್ತಿರಲಿಲ್ಲ. ಹಂಪ್ ಹಾರಿದಾಗ ಬರುತ್ತಿತ್ತು, ಗುಂಡಿಗೆ ಇಳಿದಾಗ ಬರುತ್ತಿತ್ತು, ಸೀಟು ಮಡಚಿ ಫ್ರಿಜ್ಜು ಸಾಗಿಸಿದ ಮೇಲಂತೂ ದಿನಾ ಬರುತ್ತಿತ್ತು. ಅಲುಗಿದಾಗ ಬಂದು ನಿಂತಾಗ ಹೋಗುವ ಕಾಯಿಲೆಗೆ ಮೊದಲು ವೈರು, ಕನೆಕ್ಟರು ನೋಡಬೇಕು. ಸ್ವಿಚ್ಚಿಗೆ ಕೂಡುವುದೂ ಬಿಡುವುದೂ ಎರಡೇ ಗೊತ್ತಿರುವುದರಿಂದ, ದಾರಿಯಲ್ಲಿ ವೈರು ಕಡಿದರೂ ಆಚೆ ತುದಿಗೆ ‘ಬೆಲ್ಟ್ ಹಾಕಿಲ್ಲ’ ಎಂದೇ ಕೇಳಿಸುತ್ತದೆ. ಪತ್ರ ಕಳೆದದ್ದು ಅಂಚೆಯಲ್ಲಿ, ಏಟು ತಿಂದದ್ದು ಬರೆದವನು.

ಪ್ರಶ್ನೆ: ಹಾಗಾದರೆ ಪತ್ತೆ ಹೇಗೆ?

ಬಕಲ್: ಖರ್ಚಿಲ್ಲದ ದಾರಿಯೊಂದಿದೆ. ಎಡ ಬಲದ ಬಕಲ್ ಒಂದೇ ಜಾತಿಯವಾದರೆ ಅದಲುಬದಲು ಮಾಡಿ. ದೂರು ನನ್ನ ಹಿಂದೆ ಬಲಕ್ಕೆ ಬಂದರೆ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ನನ್ನ ಹೊಟ್ಟೆಯಲ್ಲಿ ಕಡ್ಲೆಪುರಿ, ಬಿಸ್ಕತ್ತಿನ ಪುಡಿ, ಒಂದು ರೂಪಾಯಿ ನಾಣ್ಯ ಇರಬಹುದು, ಇಲ್ಲ ಎನ್ನಲಾರೆ. ದೂರು ಎಡದಲ್ಲೇ ಉಳಿದರೆ ವೈರಿನ ಬೆನ್ನು ಹತ್ತಿ. ಸೀಟಿನ ಕೆಳಗಿನ ಕನೆಕ್ಟರಿನಲ್ಲಿ ಪಿನ್ ಹಿಂದೆ ಸರಿದಿದೆಯೇ, ಹಸಿರು ಕಿಲುಬು ಹಿಡಿದಿದೆಯೇ? ಬಾಗಿಲಿನ ರಬ್ಬರು ಸೋರಿ ಬಂದ ಮಳೆನೀರು ಕಾರ್ಪೆಟ್ಟಿನ ಅಡಿಯಲ್ಲಿ ದೀಪಾವಳಿ ಕಳೆದರೂ ಒಣಗಿರುವುದಿಲ್ಲ. ಆಮೇಲೆ ಇಲಿರಾಯರು ಬಂದು ಹೋದ ಗುರುತು ಹುಡುಕಿ. ಸೀಟು ಮಡಚುವ ಕೀಲಿನ ಹತ್ತಿರ ವೈರು ಎಷ್ಟು ಸಲ ಬಗ್ಗಿರುತ್ತದೆ, ಯೋಚಿಸಿ. ಮೇಲಿನ ಪ್ಲಾಸ್ಟಿಕ್ ನೆಟ್ಟಗಿರುತ್ತದೆ, ಒಳಗಿನ ತಾಮ್ರದ ಎಳೆಗಳು ಕಡಿದಿರುತ್ತವೆ. ಒಂದೆಳೆ ತಾಗಿಕೊಂಡಿದ್ದರೂ ಮಲ್ಟಿಮೀಟರ್ ‘ಎಲ್ಲ ಕ್ಷೇಮ’ ಎಂದು ಬೀಪ್ ಕೊಡುತ್ತದೆ. ಹಾಗಾಗಿ ವೈರನ್ನು ಅಲುಗಿಸುತ್ತಲೇ ಮೀಟರು ನೋಡಬೇಕು, ಅಥವಾ ಸ್ಕ್ಯಾನರ್ ಹಾಕಿ ಪರದೆಯ ಮೇಲೆ ನನ್ನ ಸ್ಥಿತಿ ಬದಲಾಗುವುದನ್ನು ಕಾಯಬೇಕು.

ಇನ್ನೊಂದು ಮಾತು. ಹಳದಿ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ. ಅದು ಏರ್‌ಬ್ಯಾಗಿನವರ ಮನೆ, ಬೆಲ್ಟ್ ಬಿಗಿಯುವ ಮದ್ದೂ ಅಲ್ಲೇ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಂಪನಿಯ ಪುಸ್ತಕ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಮುಟ್ಟಬೇಕು. ಅಲ್ಲಿಗೆ ಟೆಸ್ಟ್ ಲ್ಯಾಂಪ್ ಚುಚ್ಚುವ ಧೈರ್ಯಸ್ಥರ ಸಂದರ್ಶನವನ್ನು ನೀವು ಬೇಗ ಮುಗಿಸಿಬಿಡಿ.

ಪ್ರಶ್ನೆ: ಬಕಲ್‌ಗಳೆಲ್ಲ ನಿಮ್ಮ ಹಾಗೆಯೇ?

ಬಕಲ್: ಕೆಲವರ ಒಳಗೆ ಸ್ವಿಚ್ಚಿನ ಬದಲು ಹಾಲ್ ಸೆನ್ಸರ್ ಇರುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ ಕಾಂತದ ಗುಣ ಅದಕ್ಕೆ ಆಧಾರ. ಅವರು ಒಂದು ಸ್ಥಿತಿಯಲ್ಲಿ 5 ಮಿಲಿಆಂಪಿಯರ್ ಆಸುಪಾಸು, ಇನ್ನೊಂದರಲ್ಲಿ 15ರ ಆಸುಪಾಸು ಎಳೆಯುತ್ತಾರೆ. ಸೊನ್ನೆ ಬಂತೆಂದರೆ ವೈರು ಕಡಿದಿದೆ, ಮಿತಿ ಮೀರಿತೆಂದರೆ ಶಾರ್ಟ್. ನನಗಿಲ್ಲದ ಭಾಗ್ಯ, ಅವರ ನಿರಪರಾಧಿತ್ವಕ್ಕೆ ಲೆಕ್ಕವಿದೆ. ಆದರೆ ಸ್ವಿಚ್ ನೋಡುವ ಹಾಗೆ ಓಮ್ಸ್‌ನಲ್ಲಿ ಮೀಟರ್ ಹಿಡಿದು, ‘ಸತ್ತೋಗಿದೆ ಸಾರ್’ ಎಂದು ಜೀವಂತವಾಗಿರುವಾಗಲೇ ಕಿತ್ತೆಸೆದದ್ದೂ ಉಂಟು.

ಪ್ರಶ್ನೆ: ಜನಕ್ಕೆ ನಿಮ್ಮ ಮೇಲೆ ಯಾಕಿಷ್ಟು ಸಿಟ್ಟು?

ಬಕಲ್: ಇದು ಹಳೇ ವೈರ. ಅಮೆರಿಕದಲ್ಲಿ 1974ರ ಮಾದರಿಯ ಕಾರುಗಳು ಮುಂದೆ ಕೂತವರು ಬೆಲ್ಟ್ ಹಾಕದಿದ್ದರೆ ಸ್ಟಾರ್ಟೇ ಆಗುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ದಿನಸಿ ಚೀಲ ಇಟ್ಟರೂ ಅದಕ್ಕೆ ಬೆಲ್ಟ್ ಹಾಕಿ ಎನ್ನುತ್ತಿದ್ದವು. ಎಷ್ಟು ಗಲಾಟೆಯಾಯಿತೆಂದರೆ ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿನ ಸಂಸತ್ತು ಆ ಕಡ್ಡಾಯವನ್ನು ತೆಗೆದುಹಾಕಿತು. ಕಾನೂನಿನ ಪ್ರಕಾರ ಕೇಳಬಹುದಾದ ಎಚ್ಚರಿಕೆಯ ಸದ್ದಿಗೂ 8 ಸೆಕೆಂಡಿನ ಮಿತಿ ಬಿತ್ತು. ನಮ್ಮ ದೇಶದವರು ಸಂಸತ್ತಿನ ತನಕ ಹೋಗಲಿಲ್ಲ, ಬೆಲ್ಟಿಲ್ಲದ ಬರೀ ತಗಡನ್ನು ಆನ್‌ಲೈನಿನಲ್ಲಿ ತರಿಸಿ ನಮ್ಮ ಬಾಯಿಗೆ ತುರುಕಿದರು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಣ್ಣುಬಿಟ್ಟಾಗ, ಐದು ಮಾರಾಟ ತಾಣಗಳಿಂದ ತೆಗೆಸಿದ ಆ ಕ್ಲಿಪ್ಪುಗಳ ಜಾಹೀರಾತು 13,118. ಕೆಲವುಗಳ ಮೇಲೆ ದೇವರ ಚಿತ್ರವೂ ಇದ್ದಿರಬೇಕು, ನನ್ನ ಊಹೆ.

ಪ್ರಶ್ನೆ: ಹಿಂದೆ ಕೂತವರಿಗೂ ಬೆಲ್ಟ್ ಯಾಕೆ ಎನ್ನುವವರಿಗೆ ಏನು ಹೇಳುತ್ತೀರಿ?

ಬಕಲ್: ಕೇಂದ್ರ ಮೋಟಾರು ವಾಹನ ನಿಯಮ 138(3) ಹಾಕಲೇಬೇಕು ಎನ್ನುತ್ತದೆ, 1,000 ರೂಪಾಯಿ ದಂಡವೂ ಇದೆ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿಯ ಸೇತುವೆಯಲ್ಲಿ, ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಇಡೀ ದೇಶ ಒಂದು ವಾರ ಹಿಂದಿನ ಸೀಟಿನ ಬೆಲ್ಟ್ ಹುಡುಕಿತು. ಅದು ಸಿಕ್ಕಿದ್ದು ಸೀಟ್ ಕವರಿನ ಅಡಿಯಲ್ಲಿ! ಹೊಸ ಕಾರು ಮನೆಗೆ ಬಂದ ವಾರದಲ್ಲೇ ನಮ್ಮನ್ನು ಜೀವಂತ ಹೂಳುವುದು ಶಾಸ್ತ್ರ. ಅದೇ ವರ್ಷ ಸೀಟ್‌ಬೆಲ್ಟ್ ಹಾಕದೆ ಸತ್ತವರು 16,715 ಎಂದು ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ, ಅದರಲ್ಲಿ ಪ್ರಯಾಣಿಕರು 8,331. ಬೆಲ್ಟಿಲ್ಲದೆ ಹಿಂದೆ ಕೂತವರು ಡಿಕ್ಕಿಯಾದಾಗ ಮುಂದಿನವರ ಬೆನ್ನಿಗೇ ಬಂದು ಬಡಿಯುತ್ತಾರೆ. ನಾನು ಇಷ್ಟನ್ನೆಲ್ಲ ವಾದಿಸಲಾರೆ, ನನಗೆ ಎರಡೇ ಪದ ಕೊಟ್ಟಿದ್ದಾರೆ.

(ಅಷ್ಟರಲ್ಲಿ ಎಲೆಕ್ಟ್ರಿಷಿಯನ್ ಸೀಟು ಮಡಚುವ ಜಾಗದಲ್ಲಿ ವೈರು ಅಲುಗಿಸಿದರು, ಸ್ಕ್ಯಾನರಿನಲ್ಲಿ ಎಡಬದಿ ಹತ್ತಿ ಆರಿತು. ಕಡಿದ ಎಳೆ ಸಿಕ್ಕಿತು. ಬೆಸುಗೆ ಹಾಕಿ, ಸ್ಲೀವ್ ತೊಡಿಸಿ, ಮಡಚಿದಾಗ ಎಳೆಯದಷ್ಟು ಸಡಿಲ ಬಿಟ್ಟು ಕಟ್ಟಿದರು. ಹೊಸ ಬಕಲ್‌ಗೆ ಕೊಟ್ಟ ದುಡ್ಡಿನ ಮುಂದೆ ಈ ಕೂಲಿ ಏನೇನೂ ಅಲ್ಲ. ಮಾಲೀಕರು ಪರೀಕ್ಷೆಗೆಂದು ಅತ್ತೆಯವರನ್ನು ಹಿಂದೆ ಎಡಕ್ಕೆ ಕೂರಿಸಿ ರಸ್ತೆಯಲ್ಲಿ ಒಂದು ಸುತ್ತು ಹೊರಟರು. ಅತ್ತೆಯವರು ಸೀರೆ ಮುದುಡುತ್ತದೆಂದು ಬೆಲ್ಟ್ ಮುಟ್ಟಲಿಲ್ಲ. ಟಿಂಗ್ ಟಿಂಗ್ ಎಂದಿತು. ಕಾರು ಗೇಟಿನ ಹತ್ತಿರವೇ ನಿಂತಿತು, ಗಾಜು ಕೆಳಗಿಳಿಯಿತು.)

‘ನೋಡಿ, ಇನ್ನೂ ರಿಪೇರಿ ಆಗಿಲ್ಲ!’