ಮಂದಿ ನೋಡ್ಯಾರ, ಸೀರಿ ಯಾರು ತೊಗೊಂಡಾರ?

ಮೊದಲೆಲ್ಲ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಸಂಜೆ ಅಡ್ಡಾಡಲು ಹೊರಟವರು ಎದುರಿಗೆ ಸಿಕ್ಕರೆ ‘ವ್ಯಾಪಾರ ಹೆಂಗ ನಡದದ?’ ಎಂದು ಕೇಳುತ್ತಿದ್ದರು. ‘ನಡದದ ನೋಡ್ರಿ, ಹಂಗ’ ಎಂಬ ಉತ್ತರವೂ ತಯಾರಿರುತ್ತಿತ್ತು. ಆ ‘ಹಂಗ’ದೊಳಗೆ ಲಾಭ, ಲುಕ್ಸಾನು, ಬಾಕಿ, ಬಡ್ಡಿ ಎಲ್ಲ ಅಡಗಿರುತ್ತಿತ್ತು, ಇನ್‌ಕಮ್ ಟ್ಯಾಕ್ಸಿನವರು ಬಂದರೂ ಬಿಡಿಸಲು ಆಗದ ಗಂಟು ಅದು. ಈಗ ಪ್ರಶ್ನೆಯೇ ಬದಲಾಗಿದೆ. ಸವಾಯಿ ಗಂಧರ್ವ ಕಲಾಮಂದಿರದ ಮುಂದೆ ಕಾರು ನಿಲ್ಲಿಸಿಕೊಂಡು ನಿಂತ ಹುಡುಗನಿಂದ ಹಿಡಿದು ಮನೆಯಲ್ಲೇ ಹಪ್ಪಳ ಮಾರುವ ಮೌಶಿಯವರೆಗೆ ಎಲ್ಲರದೂ ಒಂದೇ ಪ್ರಶ್ನೆ: ‘ರೀಚ್ ಎಷ್ಟು?’

ನಮ್ಮ ವೈನಿಗೂ ಈ ರೀಚಿನ ಹುಚ್ಚು ಹಿಡಿದದ್ದು ಮಗನಿಂದ. ವೈನಿ ಹಿಂದಿನ ಕೋಣೆಯಲ್ಲಿ ನಾಲ್ಕು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕಸೂತಿ ಹಾಕಿಸುತ್ತಾರೆ. ಇಳಕಲ್ ಸೀರೆ, ಕುಬಸದ ಖಣ, ದುಪಟ್ಟಾ, ಈಚೆಗೆ ಮೊಬೈಲ್ ಚೀಲ. ಬರುವವರು ಬರುತ್ತಿದ್ದರು, ಒಯ್ಯುವವರು ಒಯ್ಯುತ್ತಿದ್ದರು. ಎಂಜಿನಿಯರಿಂಗ್ ಕಲಿಯುವ ಮಗ ಒಂದು ದಿನ ಊಟಕ್ಕೆ ಕುಳಿತಾಗ ‘ಆಯಿ, ನಿನಗ ಆನ್‌ಲೈನ್ ಪ್ರೆಸೆನ್ಸೇ ಇಲ್ಲ’ ಎಂದ. ಅತ್ತಿಯವರಿಗೆ ಎಂಬತ್ತು ದಾಟಿದೆ, ಕಿವಿ ಮಾತ್ರ ಚುರುಕು. ‘ಏನಿಲ್ಲಂತ ಅಕಿಗೆ?’ ಎಂದು ಕೇಳಿದರು. ಸೊಸೆಗೆ ಏನೋ ಇಲ್ಲ ಎಂದು ಮೊಮ್ಮಗನೇ ಹೇಳಿದ್ದು ಅವರಿಗೆ ಭಾಳ ಸಮಾಧಾನ ಕೊಟ್ಟಿತು.

ಹಾಗೆ ನೋಡಿದರೆ ಈ ಬಡಾವಣೆಗೆ ಪ್ರೆಸೆನ್ಸ್ ಹೊಸದೇನಲ್ಲ. ಗಂಗೂಬಾಯಿ ಹಾನಗಲ್ಲರ ‘ಗಂಗಾಲಹರಿ’ ಮನೆ ಇರುವುದು ಇಲ್ಲೇ. 1930ರ ದಶಕದಲ್ಲಿ ಎಚ್‌ಎಂವಿ ಕಂಪನಿಯವರು ಅವರ ಹಾಡು ಮುದ್ರಿಸಿದಾಗ ರೆಕಾರ್ಡಿನ ಮೇಲೆ ಹಾಕಿದ ಹೆಸರು ‘ಗಾಂಧಾರಿ ಹುಬ್ಬಳ್ಳಿ’. ಹೆಸರಿನ ಪಕ್ಕ ಊರು! ಇವತ್ತು ಇನ್‌ಸ್ಟಾಗ್ರಾಂ ಖಾತೆ ತೆಗೆಯುವವರಿಗೆ ಹಣ ಕಟ್ಟಿಸಿಕೊಂಡು ಕಲಿಸುವ ಪಾಠವೇ ಅದು: ಹೆಸರಿನಲ್ಲಿ ಕಸಬಿರಲಿ, ಊರಿರಲಿ. ವೈನಿಯ ಮಗ ಮಾತ್ರ ಖಾತೆಗೆ ಇಟ್ಟದ್ದು ‘ಥ್ರೆಡ್ ಸೋಲ್ ಸ್ಟುಡಿಯೋ’ ಎಂಬ ಹೆಸರು. ಹುಬ್ಬಳ್ಳಿಯೂ ಇಲ್ಲ, ಕಸೂತಿಯೂ ಇಲ್ಲ. ‘ಸೋಲು ಅಂತ ಯಾಕ ಇಟ್ಟಿಯೋ, ಗೆಲುವು ಅಂತ ಇಡಬೇಕಿತ್ತು’ ಎಂದರು ವೈನಿಯ ಗಂಡ, ಅಣ್ಣ. ಬ್ಯಾಂಕಿನಿಂದ ರಿಟೈರಾದವರು, ಇಂಥ ವಿಷಯದಲ್ಲಿ ಶುಭಾಶುಭ ನೋಡುತ್ತಾರೆ.

ಖಾತೆ ತೆಗೆದ ಮೇಲೆ ಫಾಲೋವರ್ಸ್ ಬೇಕಲ್ಲ? ‘ಡಿಜಿಟಲ್ ಮಾರ್ಕೆಟಿಂಗ್’ ಎಂಬ ಬೋರ್ಡಿನವನೊಬ್ಬ ಬಂದು, ಚಹಾ ಕುಡಿದು, ಹತ್ತು ಸಾವಿರ ಮಂದಿಯನ್ನು ಒಂದು ವಾರದೊಳಗೆ ಹೊಂದಿಸಿ ಕೊಡುತ್ತೇನೆಂದ. ಕೊಟ್ಟ ಕೂಡ. ಮಾತಿಗೆ ತಪ್ಪುವ ಮನುಷ್ಯನಲ್ಲ. ವೈನಿ ಒಂದು ಮಧ್ಯಾಹ್ನ ಕನ್ನಡಕ ಏರಿಸಿಕೊಂಡು ಆ ಹತ್ತು ಸಾವಿರದವರ ಮುಖ ನೋಡುತ್ತ ಹೋದರು. ಕೆಲವರಿಗೆ ಮುಖವೇ ಇಲ್ಲ. ಕೆಲವರ ಹೆಸರು ಬರೀ ಅಂಕಿ. ಒಬ್ಬ ಬಂದೂಕು ಹಿಡಿದು ನಿಂತಿದ್ದಾನೆ. ‘ಇಂವಾ ಚಂದ್ರಕಾಳಿ ಸೀರಿ ತೊಗೊಂಡು ಯಾರಿಗೆ ಉಡಸ್ತಾನ್ರಿ?’ ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು, ಪ್ರೀತಿ ಯಾರಿಗೂ ಇರಬಹುದು. ಆದರೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಹೊಸ ಪೋಸ್ಟು ಹಾಕಿದಾಗ ಇನ್‌ಸ್ಟಾಗ್ರಾಂ ಅದನ್ನು ಮೊದಲು ಒಂದಿಷ್ಟು ಜನರ ಮುಂದೆ ಹಿಡಿದು, ಅವರು ನಿಂತು ನೋಡಿದರೆ ಮಾತ್ರ ಮುಂದಿನವರಿಗೆ ದಾಟಿಸುತ್ತದೆ. ಮುಖವಿಲ್ಲದವರು ನಿಲ್ಲುತ್ತಾರೆಯೆ? ಕೊಂಡ ಜನ ನೋಡಲಿಲ್ಲ, ನೋಡಬೇಕಾದ ಜನಕ್ಕೆ ಮುಟ್ಟಲಿಲ್ಲ. ಮಗ ಅವರನ್ನು ಒಬ್ಬೊಬ್ಬರನ್ನಾಗಿ ತೆಗೆಯುತ್ತ ಕುಳಿತ. ಅಷ್ಟು ಹೊತ್ತು ಪುಸ್ತಕ ಹಿಡಿದಿದ್ದರೆ ಒಂದು ಸೆಮಿಸ್ಟರ್ ಪಾಸಾಗುತ್ತಿತ್ತು ಎಂಬುದು ಅಣ್ಣನ ಅಂದಾಜು.

ಟಿಕ್‌ಟಾಕ್ ನಿಂತದ್ದು 2020ರ ಜೂನ್ ಕೊನೆಗೆ. ಇನ್‌ಸ್ಟಾಗ್ರಾಂನವರು ರೀಲ್ಸ್ ಹೊತ್ತುಕೊಂಡು ಇಂಡಿಯಾಕ್ಕೆ ಬಂದದ್ದು ಮರು ತಿಂಗಳೇ. ಸಾವಿನ ಮನೆಗೆ ಮೊದಲು ಬಂದ ಬೀಗರು! ಅಂದಿನಿಂದ ನಿಂತಿರುವ ಚಿತ್ರಕ್ಕೆ ಬೆಲೆ ಇಲ್ಲ, ಕುಣಿಯಬೇಕು. ಮಗನೂ ಸೀರೆಯನ್ನು ಕುಣಿಸಿದ. ಪಕ್ಕದ ಮನೆಯ ಹುಡುಗಿಗೆ ಗೋಪುರದ ಕಸೂತಿಯ ಸೆರಗು ಹೊದಿಸಿ, ಉಣಕಲ್ ಕೆರೆಯ ದಂಡೆಯ ಮೇಲೆ ನಿಧಾನಕ್ಕೆ ತಿರುಗಿಸಿ, ಹಿಂದೆ ಯಾವುದೋ ಹಿಂದಿ ಹಾಡು ಬಿಟ್ಟ. ಅದೇನಾಯಿತೋ, ರೀಲು ಓಡಿತು ನೋಡಿ, ಲಕ್ಷದ ಹತ್ತಿರ. ಮನೆಯಲ್ಲಿ ಶಿರಾ ಆಯಿತು, ನನಗೂ ಒಂದು ಬಟ್ಟಲು ಬಂತು. ಕೆಳಗೆ ಕಮೆಂಟುಗಳ ಸಾಲು: ‘ಪ್ರೈಸ್ ಪ್ಲೀಸ್’, ‘ಪ್ರೈಸ್?’, ‘ಲಾಸ್ಟ್ ಪ್ರೈಸ್ ಹೇಳ್ರಿ’. ದುರ್ಗದಬೈಲಿನಲ್ಲಿ ಚೌಕಾಶಿ ಮಾಡುವವರು ಕಡೆಗೆ ಅರಿವೆಯನ್ನು ಕೈಯಲ್ಲಾದರೂ ಹಿಡಿದಿರುತ್ತಾರೆ. ಇಲ್ಲಿ ಫಸ್ಟ್ ಪ್ರೈಸ್ ಕೇಳುವ ಮೊದಲೇ ಲಾಸ್ಟ್ ಪ್ರೈಸ್. ರೇಟು ಹೇಳಿದ ಮೇಲೆ ಅರ್ಧ ಮಂದಿ ಮಾಯ, ಉಳಿದ ಅರ್ಧ ‘ಸೂರತ್ತಿಂದು ಎಂಟನೂರಕ್ಕ ಸಿಗತದ’ ಎಂದು ತಿಳುವಳಿಕೆ ಹೇಳಿ ಮಾಯ.

ನಿಜವಾದ ಸಂಕಟ ಬಂದದ್ದು ಮಾಯವಾಗದವರಿಂದ. ಸೆರಗು, ಅಂಚು ಎರಡೂ ತುಂಬಿದ ಒಂದು ಸೀರೆಗೆ ಒಬ್ಬ ಹೆಣ್ಣುಮಗಳು ತಿಂಗಳ ಮೇಲೆ ಕೂರಬೇಕು. ಕೈ ನಾಲ್ಕು ಜನರದು. ನಡುವೆ ಪಂಚಮಿ, ಗಣಪತಿ, ದೀಪಾವಳಿ, ಯಾರದೋ ಸೀಮಂತ. ವರ್ಷಕ್ಕೆ ನಲವತ್ತು ಸೀರೆ ಮುಗಿದರೆ ಹಬ್ಬ. ಅಂದರೆ ವೈನಿಗೆ ವರ್ಷಕ್ಕೆ ಬೇಕಾದದ್ದು ನಲವತ್ತು ಗಿರಾಕಿ. ಫೋನು ತಂದು ನಿಲ್ಲಿಸಿದ್ದು ಸಿದ್ಧಾರೂಢ ಮಠದ ತೇರಿನ ಮಂದಿಯನ್ನು. ‘ದೀಪಾವಳಿಗೆ ಬೇಕೇ ಬೇಕು’ ಎಂದವರಿಗೆಲ್ಲ ಹೂಂ ಅಂದುಬಿಟ್ಟಿದ್ದ ಮಗ. ದೀಪಾವಳಿ ಬಂತು, ಹೋಯಿತು. ಆಮೇಲೆ ಬಂದ ಮೆಸೇಜುಗಳನ್ನು ವೈನಿ ನನಗೆ ಓದಲು ಕೊಡಲಿಲ್ಲ. ‘ಹಿರೇರು ನೀವು, ಬ್ಯಾಡ್ರಿ’ ಎಂದರು. ರೀಚಿನ ಲೆಕ್ಕ ಹಾಕುವ ಮೊದಲು ಕೈಗಳ ಲೆಕ್ಕ ಹಾಕು ಎಂದು ಆ ದೊಡ್ಡ ದೊಡ್ಡ ಕೋರ್ಸಿನವರು ಯಾಕೆ ಹೇಳಿಕೊಡುವುದಿಲ್ಲವೋ ನಾ ಕಾಣೆ. ಅವರದೂ ಬರೀ ರೀಚೇ ಇರಬೇಕು.

ಅಳತೆ ಅಂದರೆ ಬೆಂಗೇರಿಯವರನ್ನು ಕೇಳಬೇಕು. ಇಲ್ಲೇ, ನಮ್ಮೂರಲ್ಲೇ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ, 1957ರದು. ಐಎಸ್‌ಐ ಗುರುತಿನ ಖಾದಿ ರಾಷ್ಟ್ರಧ್ವಜ ತಯಾರಾಗುವ ಜಾಗ. ಒಂಬತ್ತು ಅಳತೆ, ದೊಡ್ಡದು 21 ಅಡಿಗೆ 14 ಅಡಿ, ಸಣ್ಣದು ಮೇಜಿನ ಮೇಲಿಡುವುದು. ಬಣ್ಣ ಚೂರು ಮಾಸಿದರೆ, ಚಕ್ರ ಕೂದಲೆಳೆಯಷ್ಟು ಸರಿದರೆ ಇಡೀ ಮಾಲು ವಾಪಸ್. ಅಲ್ಲಿ ನೂಲು ಎಣಿಸುತ್ತಾರೆ, ಬಾವುಟಕ್ಕೆ ಎಷ್ಟು ಲೈಕು ಬಂತೆಂದು ಯಾರೂ ಎಣಿಸುವುದಿಲ್ಲ. ಆದರೂ 2021ರ ಕೊನೆಗೆ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಮಷೀನಿಗೂ ಬಾಗಿಲು ತೆಗೆದರಲ್ಲ, ಆಗ ಅಷ್ಟು ಕರಾರುವಾಕ್ಕಾದ ಅಳತೆಯೂ ಅವರ ಸಹಾಯಕ್ಕೆ ಬರಲಿಲ್ಲ. ಇರಲಿ, ಅದು ನಗುವ ಮಾತಲ್ಲ. ವೈನಿಯ ಕಡೆಗೇ ಹೋಗೋಣ.

ಗೂಗಲ್ ಮ್ಯಾಪಿನಲ್ಲೂ ಅಂಗಡಿ ಇರಲಿ ಎಂದು ಮಗ ಗುರುತು ಚುಚ್ಚಿದ. ಕೈ ಒಂಚೂರು ಜಾರಿ ಗುರುತು ಹೋಗಿ ಕೂತದ್ದು ಪಕ್ಕದ ಹಲ್ಲಿನ ಡಾಕ್ಟರರ ಮನೆಯ ಮೇಲೆ. ಕಸೂತಿ ಹುಡುಕಿಕೊಂಡು ಧಾರವಾಡದಿಂದ ಬಂದವರು ಅಲ್ಲಿ ಟೋಕನ್ ಹಿಡಿದು ಕುಳಿತರು. ದವಡೆ ಬಾತವನೊಬ್ಬ ಇಲ್ಲಿ ಬಂದು, ಸೂಜಿ ಹಿಡಿದ ನಾಲ್ಕು ಹೆಣ್ಣುಮಕ್ಕಳನ್ನು ಒಟ್ಟಿಗೆ ಕಂಡು, ಬಂದ ದಾರಿ ಹಿಡಿದ. ಹಲ್ಲುನೋವು ತಾನಾಗಿಯೇ ಕಡಿಮೆಯಾಗಿರಬೇಕು. ರಿವ್ಯೂಗಳದಂತೂ ಬೇರೆಯೇ ಪುರಾಣ. ಐದು ನಕ್ಷತ್ರ ಕೊಟ್ಟವರೆಲ್ಲ ವೈನಿಯ ತವರಿನವರು. ‘ಭಾರಿ ಛಲೋ ಪಾರ್ಕಿಂಗ್’ ಎಂದು ಬರೆದವರಿಗೆ ಸೈಕಲ್ಲು ಕೂಡ ಇಲ್ಲ. ಒಂದೇ ನಕ್ಷತ್ರ ಕೊಟ್ಟವನು ‘ಊಟ ಸಿಗಲಿಲ್ಲ’ ಎಂದು ದೂರಿದ್ದ. ಆ ಒಂದು ಮಾತಿಗೆ ವೈನಿ ಇವತ್ತಿಗೂ ಪೇಚಾಡುತ್ತಾರೆ: ‘ಯಾರೋ ಏನೋ, ಹಸಿದು ಬಂದಿದ್ದಾ ಅಂತ ಕಾಣಸ್ತದ.’

ಇನ್‌ಸ್ಟಾಗ್ರಾಂ ಒಳಗಿನ ‘ಇನ್‌ಸೈಟ್ಸ್’ ಎಂಬ ಪಂಚಾಂಗವನ್ನು ಮಗ ದಿನಾ ತೆಗೆದು ನೋಡುತ್ತಾನೆ. ಯಾವ ಊರಿನವರು, ಯಾವ ಹೊತ್ತಿಗೆ, ಹೆಂಗಸರೆಷ್ಟು, ಗಂಡಸರೆಷ್ಟು. ಎಂಟು ಹತ್ತು ದಿನಕ್ಕೊಮ್ಮೆ ಸ್ಥಳೀಯ ಮಂದಿ ಒಮ್ಮೆಲೇ ಮಾಯವಾಗುವುದನ್ನು ಕಂಡು, ಅಲ್ಗಾರಿದಮ್ ಬದಲಾಗಿದೆ ಎಂದು ತಲೆ ಕೆಡಿಸಿಕೊಂಡ. ವೈನಿ ಅಡುಗೆಮನೆಯಿಂದಲೇ ಬಗೆಹರಿಸಿದರು: ‘ಅವತ್ತು ನಳಾ ಬರತಾವೋ. ಕೊಡ ಬಿಟ್ಟು ಫೋನ್ ಹಿಡೀತಾರೇನು?’ ಅಣ್ಣನ ಚಿಂತೆ ಮತ್ತೊಂದು. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ಸಣ್ಣ ಅಂಗಡಿಯವರಿಗೆ ತೆರಿಗೆ ಇಲಾಖೆಯ ನೋಟಿಸು ಬಂದ ಸುದ್ದಿ ಓದಿದ ಮೇಲೆ, ಲಕ್ಷ ವ್ಯೂಸು ಎಂಬುದನ್ನು ಲಕ್ಷ ರೂಪಾಯಿ ಎಂದು ಯಾರಾದರೂ ಓದಿಕೊಂಡರೆ ಗತಿಯೇನು ಎಂದು ರೀಲನ್ನೇ ತೆಗೆಸಲು ಹೊರಟಿದ್ದರು. ಸರಕು ಮಾರುವವರಿಗೆ ಜಿಎಸ್‌ಟಿಯ ಗೆರೆ ಇರುವುದು ವರ್ಷಕ್ಕೆ 40 ಲಕ್ಷದ ವಹಿವಾಟಿಗೆ, ಅದರ ನೆರಳಿನ ಹತ್ತಿರವೂ ನೀವಿಲ್ಲ ಎಂದೆ. ಸಮಾಧಾನವಾಯಿತೋ, ಅವಮಾನವಾಯಿತೋ, ಎದ್ದು ಒಳಗೆ ಹೋದರು.

ಆಟ ತಿರುಗಿದ್ದು ಅತ್ತಿಯವರಿಂದ. ಅವರು ಕಸೂತಿಯ ಮುಂಭಾಗ ನೋಡುವುದೇ ಇಲ್ಲ. ಯಾರೇ ಅರಿವೆ ತಂದು ಕೊಟ್ಟರೂ ಮೊದಲು ತಿರುವಿ ಹಾಕಿ, ಬೆರಳು ಆಡಿಸಿ, ಆಮೇಲೆ ಮಾತು. ಕಾರಣವಿದೆ. ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಬಗೆ. ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಎರಡು ಎಳೆ ತಪ್ಪಿದರೆ ಆನೆಯ ಸೊಂಡಿಲು ಹೋಗಿ ಅಂಬಾರಿಗೆ ತಾಗುತ್ತದೆ. ಗಂಟು ಹಾಕುವಂತಿಲ್ಲ. ಗಾವಂತಿಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುತ್ತ ಬಿಟ್ಟ ಜಾಗ ತುಂಬುತ್ತಾರೆ. ಮುರ್ಗಿಯೂ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ಹೀಗಾಗಿ ಇವೆರಡರಲ್ಲಿ ಅರಿವೆಯ ಹೊಟ್ಟೆಯೂ ಬೆನ್ನೂ ಒಂದೇ ರೂಪ. ಮಷೀನಿನದಾದರೆ ಬೆನ್ನ ಮೇಲೆ ಬಾಬಿನ್ ದಾರದ ಜಾಲ, ಅಂಟು ಪೇಪರಿನ ಚೂರು. 2006ರಿಂದ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ, ನಿಜ. ಆದರೆ ಫೋನಿನ ಪರದೆಯ ಮೇಲೆ ಸೂರತ್ತಿನ ಗೋಪುರವೂ ಹುಬ್ಬಳ್ಳಿಯ ಗೋಪುರವೂ ಒಂದೇ ಎತ್ತರ. ಪರದೆಗೆ ಬೆನ್ನೇ ಇಲ್ಲವಲ್ಲ.

ಮಗ ಅಜ್ಜಿಗೆ ಗೊತ್ತಾಗದ ಹಾಗೆ ಅವರ ಕೈಯನ್ನಷ್ಟೇ ಹಿಡಿದು ರೀಲು ಮಾಡಿದ. ಸುಕ್ಕುಗಟ್ಟಿದ ಬೆರಳು, ಹಸಿರು ಬಳೆ, ಸೆರಗು ತಿರುವಿದ್ದು, ಉಗುರಿನಿಂದ ಒಂದೊಂದೇ ಹೊಲಿಗೆ ಸವರಿದ್ದು. ಹಾಡಿಲ್ಲ. ಅಜ್ಜಿಯ ದನಿಯಷ್ಟೇ: ‘ಮುಂದ ಏನ್ ನೋಡ್ತೀರಿ, ಹಿಂದ ನೋಡ್ರಿ.’ ಲೈಕು ಕೆರೆದಂಡೆಯ ರೀಲಿನ ಕಾಲಂಶವೂ ಬರಲಿಲ್ಲ. ಮಗ ಮುಖ ಸಣ್ಣದು ಮಾಡಿದ. ಆದರೆ ‘ಸೇವ್’ ಮಾಡಿಟ್ಟುಕೊಂಡವರು ಬಹಳ, ಅಕ್ಕತಂಗಿಯರಿಗೆ ಕಳಿಸಿದವರು ಇನ್ನೂ ಬಹಳ, ಮೆಸೇಜು ಮಾಡಿದವರಲ್ಲಿ ಲಾಸ್ಟ್ ಪ್ರೈಸ್ ಕೇಳಿದವರು ತೀರಾ ಕಡಿಮೆ. ‘ಎಷ್ಟು ದಿನಾ ಆಗತದ? ಕಾಯ್ತೀವಿ’ ಎಂದು ಕೇಳಿದರಂತೆ. ಕಾಯುವ ಗಿರಾಕಿ! ವೈನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಈಗ ಯಾವ ಗಿರಾಕಿ ಎಲ್ಲಿಂದ ಬಂದರೆಂದು ಲೆಕ್ಕ ಇಡಲು ವೈನಿ ತಮ್ಮದೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಗೂಗಲ್‌ನವರು ಇದಕ್ಕೆಂದೇ ದೊಡ್ಡ ಯಂತ್ರ ಇಟ್ಟಿದ್ದಾರಂತೆ; ವೈನಿಯದು ನೂರುಪುಟದ ಗೆರೆಪಟ್ಟಿ. ಇನ್‌ಸ್ಟಾಗ್ರಾಂನಲ್ಲಿ ಮೊದಲು ಕಾಣುವ ಚಿತ್ರ ಗೋಪುರದ್ದೇ ಇರಬೇಕು. ವಾಟ್ಸಾಪ್ ಕ್ಯಾಟಲಾಗಿನಲ್ಲಿ ಆನೆ ಅಂಬಾರಿ. ಗೂಗಲ್ ಮ್ಯಾಪಿನಲ್ಲಿ (ಗುರುತು ಈಗ ಸರಿಯಾಗಿದೆ) ತೊಟ್ಟಿಲು. ಗಿರಾಕಿ ಫೋನು ಮಾಡಿ ‘ಆ ಆನಿ ಇರೋದು’ ಎಂದರೆ ಆನೆಯ ಕೆಳಗೆ ಒಂದು ಗೆರೆ. ತಿಂಗಳ ಕೊನೆಗೆ ಗೆರೆ ಎಣಿಸಿದರೆ ಆಯಿತು, ಯಾವ ಬಾಗಿಲಿನಿಂದ ಎಷ್ಟು ಜನ ಬಂದರು, ಅದರಲ್ಲಿ ಒಯ್ದವರೆಷ್ಟು ಎಂಬುದು ಕೈಯಲ್ಲಿ. ಕುಣಿದು ಕುಪ್ಪಳಿಸಿದ ಗೋಪುರಕ್ಕೆ ಕೇಳುವವರು ಜಾಸ್ತಿ, ಒಯ್ಯುವವರು ಕಡಿಮೆ. ಸುಮ್ಮನೆ ನಿಂತ ಆನೆಯದೇ ಹೆಚ್ಚು ಸೀರೆ ಹೋಗಿದೆ, ಯಾಕೆಂದರೆ ಆ ಕ್ಯಾಟಲಾಗು ಒಬ್ಬರಿಂದೊಬ್ಬರಿಗೆ ನೆಂಟರೊಳಗೇ ದಾಟುತ್ತದೆ. ಮೊನ್ನೆ ನ್ಯೂಜೆರ್ಸಿಯ ಹೆಣ್ಣುಮಗಳೊಬ್ಬಳು ನಟ್ಟನಡುರಾತ್ರಿ ಫೋನು ಮಾಡಿ ಆನೆಯ ಮೇಲೆ ಗೋಪುರ, ಗೋಪುರದೊಳಗೆ ತೊಟ್ಟಿಲು ಬೇಕೆಂದಳು. ಅವಳನ್ನು ಯಾವ ಖಾನೆಗೆ ಹಾಕುವುದೆಂದು ಮನೆಯಲ್ಲಿ ಬೆಳಗಿನ ಚಹಾದವರೆಗೂ ಚರ್ಚೆ.

ಅಷ್ಟರಲ್ಲಿ ಗದುಗಿನಿಂದ ಇಬ್ಬರು ಬಂದು ತುಳಸಿಕಟ್ಟೆಯ ಸೆರಗು ಕೇಳಿದರು. ತುಳಸಿಕಟ್ಟೆಯನ್ನು ಫೋನಿನಲ್ಲಿ ಎಲ್ಲಿಯೂ ಹಾಕಿಲ್ಲ. ಎಲ್ಲಿ ನೋಡಿದಿರಿ ಎಂದರೆ, ಯಾರದೋ ಮದುವೆಯ ಪಂಕ್ತಿಯಲ್ಲಿ ಮುಂದೆ ಕೂತವರ ಸೀರೆಯ ಮೇಲೆ ಅಂತೆ. ಕೈ ತೊಳೆಯಲು ಹೋದಾಗ ಹೆಸರು, ವಿಳಾಸ ಕೇಳಿಕೊಂಡರಂತೆ. ಮಗ ಹೌಹಾರಿದ. ಇಷ್ಟು ದಿನ ಇದರ ಲೆಕ್ಕವೇ ಸಿಕ್ಕಿಲ್ಲವಲ್ಲ!

‘ಆಯಿ, ಒಂದು ಐಡಿಯಾ. ಸೀರಿ ಫಾಲಿಗೆ ಒಂದು ಕ್ಯೂಆರ್ ಕೋಡ್ ಹಚ್ಚಿಬಿಡೋಣ. ಪಂಕ್ತಿಯೊಳಗ ಯಾರು ಬೇಕಾದ್ರೂ ಸ್ಕ್ಯಾನ್ ಮಾಡಬಹುದು.’

ಊಟಕ್ಕೆ ಕೂತ ಪರಸ್ತ್ರೀಯ ಕಾಲಬುಡಕ್ಕೆ ಫೋನು ಹಿಡಿದುಕೊಂಡು ಬಗ್ಗುವ ಗಂಡಸಿಗೆ ಬಡಿಸುವವರು ಏನು ಬಡಿಸಬಹುದೆಂದು ನಾನು ಯೋಚಿಸುತ್ತಿದ್ದೆ. ಅತ್ತಿಯವರು ಅಲ್ಲಿಯವರೆಗೆ ಹೋಗಲೇ ಇಲ್ಲ.

‘ಮೊದಲ ಫಾಲು ನೆಟ್ಟಗ ಹಚ್ಚಲಿಕ್ಕೆ ಕಲಿ’ ಎಂದು ಸೂಜಿ ಮುಂದಕ್ಕೆ ಚಾಚಿದರು.